ಶಾಲು ಸಾಹೇಬ್ರು

ನಮ್ಮ ಕಟ್ಟಡ ಕಂಪನಿಯ ಎಚ್.ಆರ್. ಮ್ಯಾನೇಜರ್‌ಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಸರ್ಜಾಪುರ ರಸ್ತೆಯ ಸೈಟಿನಲ್ಲಿ ಸೆಂಟ್ರಿಂಗ್‌ನವರಿಂದ ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ಶಾಲು ಸಾಹೇಬ್ರು. ಕಾರಿನ ಡಿಕ್ಕಿಯಲ್ಲಿ ಒಂದು ಮೈಸೂರು ಪೇಟ, ಒಂದು ಏಲಕ್ಕಿ ಹಾರ, ಜರಿ ಅಂಚಿನ ಒಂದು ಮೆರೂನ್ ಶಾಲು ಸದಾ ಸಿದ್ಧ. ಒಮ್ಮೆ ಹೊಸಕೋಟೆ ಹತ್ತಿರ ಟೈರು ಪಂಕ್ಚರ್ ಆದಾಗ ತೆರೆದು ನೋಡಿದರೆ ಪೇಟ ಇತ್ತು, ಸ್ಟೆಪ್ನಿ ಇರಲಿಲ್ಲ.

ನಾನು ಸ್ಟೋರ್ ಕೀಪರ್. ಆ ಶಾಲು ನನ್ನ ರಿಜಿಸ್ಟರಿನಲ್ಲಿ ಜಾಕಿ, ವೈಬ್ರೇಟರ್‌ಗಳ ಪುಟದಲ್ಲೇ ಇದೆ: 'ವಾಪಸಾಗಬೇಕಾದ ಸಾಮಾನು'. 'ತಿಂಗಳ ನೌಕರ'ನಿಗೆ ಹೊದಿಸಿ, ಚಪ್ಪಾಳೆ ತಟ್ಟಿಸಿ, ಫೋಟೋ ಮುಗಿದ ಮೇಲೆ ಸಾಹೇಬ್ರು ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಡುತ್ತಾರೆ. ಕೈ ತೆಗೆಯುವಾಗ ಶಾಲೂ ಜೊತೆಗೇ ಬಂದುಬಿಡುತ್ತದೆ.

ಹನ್ನೊಂದನೇ ಮಹಡಿಯ ಹೊರಗೋಡೆಗೆ ಸಾರುವೆ ಮೇಲೆ ನಿಂತು ಪ್ಲಾಸ್ಟರ್ ಮಾಡಿದ ಗಾರೆಯವನು ತಿಂಗಳ ನೌಕರನಾಗುವಂತಿಲ್ಲ. ಅವನು ಲೇಬರ್ ಕಾಂಟ್ರಾಕ್ಟರ್ ಕಡೆಯವನು, ನೌಕರನೇ ಅಲ್ಲ. ಆ ಪ್ಲಾಸ್ಟರಿನ ಚದರಡಿಯನ್ನು ಎ.ಸಿ. ಕ್ಯಾಬಿನ್ನಿನಲ್ಲಿ ಕೂತು ಎಕ್ಸೆಲ್‌ಗೆ ತುಂಬಿದ ಹುಡುಗನಿಗೆ ಪ್ರಶಸ್ತಿ ಸಂದಿತು.

ಸಮಾಜಸೇವೆಯ ಮಾತೆತ್ತಿದರೆ ಸಾಹೇಬ್ರು ಮಗ್ಗಿ ಒಪ್ಪಿಸುತ್ತಾರೆ: "2013ರ ಕಂಪನಿ ಕಾಯಿದೆ, ಸೆಕ್ಷನ್ 135. ಲಾಭ 5 ಕೋಟಿ ಮುಟ್ಟಿದ್ರೆ ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ. 2 ಸಮಾಜಕ್ಕೆ!" ಮಾರ್ಚ್ ಬಂತೆಂದರೆ ಸಮಾಜ ಎಲ್ಲಿದೆ ಎಂದು ಹುಡುಕಾಟ ಶುರು. ಸಿಗುವುದು ಪಕ್ಕದ ಸರ್ಕಾರಿ ಶಾಲೆಯ ಕಾಂಪೌಂಡು. ವರ್ಷವರ್ಷ ಬಳಿದೂ ಬಳಿದೂ ಈಗ ಆ ಗೋಡೆ ನಿಂತಿರುವುದೇ ಬಣ್ಣದ ಬಲದ ಮೇಲೆ. ಕಳೆದ ಸಲ ಹೆಡ್‌ಮೇಡಂ ಕೈಮುಗಿದು, "ಬಣ್ಣ ಸಾಕು ಸಾರ್, ಶೌಚಾಲಯದ ಪೈಪ್ ಒಡೆದಿದೆ, ಅದೊಂದು ಮಾಡಿಸಿಕೊಡಿ" ಅಂದರು. ಸಾಹೇಬ್ರು ಮೊಬೈಲ್ ಕ್ಯಾಮೆರಾದಲ್ಲಿ ಪೈಪನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು. "ನೆಲದೊಳಗೆ ಹೋಗ್ಬಿಟ್ಟಿದೆಯಲ್ಲ ಮೇಡಂ, ಕಂಪನಿ ಬೋರ್ಡ್ ಎಲ್ಲಿ ಹಾಕೋಣ?"

ಜೂನ್ 5ರ ಪರಿಸರ ದಿನದ ಹೊಂಗೆ ಸಸಿಯ ಕತೆ ಹೇಳುವುದಿಲ್ಲ. ಸಸಿ ವರ್ಷವರ್ಷ ಹೊಸದು, ಗುಂಡಿ ಮಾತ್ರ ಹಳೆಯದು.

ಆದರೆ ಒಂದು ವಿಷಯ ಹೇಳದಿದ್ದರೆ ನನ್ನ ಮನಸ್ಸಿಗೇ ಸಮಾಧಾನವಾಗದು. ಕಟ್ಟಡದ ವೆಚ್ಚದ ಮೇಲೆ ಶೇ. 1 ಸೆಸ್ ಕಟ್ಟಡ ಕಾರ್ಮಿಕರ ಮಂಡಳಿಗೆ ಹೋಗುತ್ತದೆ. ಅಲ್ಲಿಂದ ಕೂಲಿಯವರ ಮಕ್ಕಳ ಓದಿಗೆ ನಾಲ್ಕು ಕಾಸು ಸಿಗಬೇಕಾದರೆ ಮೊದಲು ಕಾರ್ಡ್ ಆಗಬೇಕು, ಕಾರ್ಡ್‌ಗೆ ವರ್ಷದಲ್ಲಿ 90 ದಿನ ದುಡಿದಿದ್ದಕ್ಕೆ ಸರ್ಟಿಫಿಕೇಟ್ ಬೇಕು. ಕಾಂಟ್ರಾಕ್ಟರ್ "ನಾಳೆ ಬಾ" ಎನ್ನುತ್ತಾನೆ. ಭಾನುವಾರ ಸಾಹೇಬ್ರು ಲೇಬರ್ ಶೆಡ್ಡಿನ ಮುಂದೆ ಸಿಮೆಂಟ್ ಚೀಲದ ಮೇಲೆ ಕೂತು, ಹಾಜರಿ ಹಾಳೆ ಹರಡಿಕೊಂಡು, ಬೆರಳು ಮಡಚಿ ದಿನ ಎಣಿಸಿ, ಕಾಂಟ್ರಾಕ್ಟರನ ಕುತ್ತಿಗೆ ಮೇಲೆ ಕೂತು ಸಹಿ ಹಾಕಿಸುತ್ತಾರೆ. ಅದರ ಫೋಟೋ ತೆಗೆಸುವುದಿಲ್ಲ. ಸೆಕೆಗೆ ಅಂಗಿ ಬಿಚ್ಚಿ ಬನಿಯನ್‌ನಲ್ಲಿರುತ್ತಾರೆ, ಅದಕ್ಕೂ ಇರಬಹುದು.

ಹೋದ ಚಳಿಗಾಲ ಯಾದಗಿರಿ ಕಡೆಯ ಹೆಣ್ಣಾಳೊಬ್ಬಳು ಬಂದಳು. "ಮಗಳ ದುಡ್ಡು ಬ್ಯಾಂಕಿಗಿ ಬಂತ್ರಿ ಸರ. ಶೇಂಗಾ ಹೋಳಿಗಿ ಮಾಡ್ಕೊಂಡ್ ಬಂದೀನಿ, ತಗೋರಿ." ಸಾಹೇಬ್ರು ನಿಂತಲ್ಲೇ ಎರಡು ತಿಂದರು. ಆಮೇಲೆ ಅಭ್ಯಾಸಬಲ, ಡಿಕ್ಕಿ ತೆರೆದರು, ಶಾಲು ತೆಗೆದು ಅವಳ ಕೈಗಿಟ್ಟರು. ಅವಳು ಅದನ್ನು ಬಗಲಲ್ಲಿದ್ದ ಕೂಸಿಗೆ ಸುತ್ತಿಕೊಂಡು ಹೋದಳು.

ಸಂಜೆ ನಾನು ರಿಜಿಸ್ಟರ್ ಹಿಡಿದು ನಿಂತೆ. "ಸಾರ್, ಶಾಲು?"

"ಸಿಮೆಂಟ್ ಚೀಲ ಹರಿದ್ರೆ ಏನು ಬರೀತೀಯಪ್ಪ?"

"ವೇಸ್ಟೇಜ್ ಅಂತ."

"ಅದೇ ಬರ್ಕೋ. ಹೊಸದಕ್ಕೊಂದು ಇಂಡೆಂಟ್ ಹಾಕು. ಈ ಸಲ ಜರಿ ಸ್ವಲ್ಪ ಅಗಲ ಇರ್ಲಿ, ಫೋಟೋದಲ್ಲಿ ಕಾಣೋ ಹಾಗೆ."