ಎರಡೂ ಕಣ್ಣಿಗೆ ಸುಣ್ಣ

ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಈಯಾ ಅಂತೊಂದು ಊರಿದೆ. ಅಲ್ಲಿ ಸೂರ್ಯ ಮುಳುಗಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ತಮಾಷೆಯಲ್ಲ, ಕಿವಿಯಾರೆ ಕೇಳಿದ್ದೇನೆ. ಪಾಪ ಸೂರ್ಯ, ತಿಂಗಳುಗಟ್ಟಲೆ ತಾಲೀಮು ಮಾಡಿ ಇವತ್ತೇ ಮೊದಲ ಸಲ ರಂಗಕ್ಕೆ ಬಂದವನ ಹಾಗೆ. ಒನ್ಸ್ ಮೋರ್ ಅನ್ನುವುದೊಂದು ಬಾಕಿ.

ತಟ್ಟಿದವರಲ್ಲಿ ಅರ್ಧ ಜನ ಸೂರ್ಯನನ್ನೇ ನೋಡಿರಲಿಲ್ಲ. ಮುಂದೆ ನಿಂತವನು ಎತ್ತಿ ಹಿಡಿದ ಮೊಬೈಲಿನಲ್ಲಿ ನೋಡಿದ್ದರು. ಹಳೇ ಕೋಟೆಯ ಹಾಳುಗೋಡೆಯ ಮೇಲೆ ಮಧ್ಯಾಹ್ನವೇ ಟವೆಲ್ ಹಾಸಿ ಜಾಗ ಹಿಡಿದ ಪುಣ್ಯಾತ್ಮರೂ ಇದ್ದರು. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆಯುವುದು ನಮ್ಮವರ ಅನಾಗರಿಕತೆ ಎಂದು ಇಷ್ಟು ವರ್ಷ ನಾಚಿಕೊಂಡಿದ್ದೆ. ದಂಡವಾಯಿತು.

ಪಕ್ಕದಲ್ಲೇ ಕನ್ನಡ ಕೇಳಿಸಿತು. "ರೀ, ಸೂರ್ಯ ಎಲ್ಲೂ ಓಡಿಹೋಗಲ್ಲ, ಮೊದಲು ನಂದು ತೆಗೀರಿ." ಗಂಡ ತೆಗೆದ. ಸರಿಬರಲಿಲ್ಲ. ಮತ್ತೆ ತೆಗೆದ. ಅಷ್ಟರಲ್ಲಿ ಸೂರ್ಯ ಹೋಗಿದ್ದ.

ನಾನೇನೂ ಸಾಚಾ ಅಲ್ಲ. ಹಡಗಿನಿಂದ ಇಳಿಸಿದ ಹಿಂಡಿನಲ್ಲಿ ನಾನೂ ಒಬ್ಬ. ಎದೆಗೆ 14ನೇ ನಂಬರಿನ ಸ್ಟಿಕರ್. ಕುರಿಗಾದರೆ ಕಿವಿಗೆ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ.

ಇಲ್ಲಿಗೆ ಬರುವವರೆಲ್ಲ ಸಾಯುವುದು ಬಿಳಿ ಬಣ್ಣಕ್ಕೆ. ಬಿಳಿ ಗೋಡೆ, ನೀಲಿ ಗುಮ್ಮಟ. "ಎಷ್ಟು ಪವಿತ್ರ, ಎಷ್ಟು ಪುರಾತನ" ಎಂದು ಗೈಡ್ ಉಸಿರೆಳೆದುಕೊಂಡು ಹೇಳಿದಳು. ಏನು ಪುರಾತನ? ಅದು ಸುಣ್ಣ, ತಾಯಿ. ನಮ್ಮ ದನದ ಕೊಟ್ಟಿಗೆಗೂ ಬಳಿಯುತ್ತಿದ್ದ ಸುಣ್ಣ. ಬಡವರಿಗೆ ಅಗ್ಗಕ್ಕೆ ಸಿಗುತ್ತಿತ್ತು, ಬಿಸಿಲು ತಡೆಯುತ್ತಿತ್ತು, ಕ್ರಿಮಿ ಕೊಲ್ಲುತ್ತಿತ್ತು. 1930ರ ದಶಕದಲ್ಲಿ ಸರ್ವಾಧಿಕಾರಿ ಮೆಟಾಕ್ಸಾಸ್ ಕಾಲರಾಕ್ಕೆ ಹೆದರಿ ದ್ವೀಪದ ಮನೆಗಳಿಗೆಲ್ಲ ಸುಣ್ಣ ಹೊಡೆಸಿದ ಅನ್ನುತ್ತಾರೆ. 1967ರಲ್ಲಿ ಗದ್ದುಗೆ ಹಿಡಿದ ಸೇನೆಯವರಿಗೂ ಈ ಬಿಳುಪು ಹಿಡಿಸಿತಂತೆ. ಭೇದಿಯ ಭಯ ಬಳಿದಿದ್ದನ್ನು ಈಗ ಸೌಂದರ್ಯ ಎಂದು ಮಾರುತ್ತಿದ್ದಾರೆ. ನೀಲಿಯ ಕಥೆಯೂ ಅಷ್ಟೇ. ಲುಲಾಕಿ ಅಂತ ಬಟ್ಟೆಗೆ ಹಾಕುವ ನೀಲಿ. ಅದನ್ನೇ ಸುಣ್ಣಕ್ಕೆ ಕಲಸಿ ಬಾಗಿಲು ಕಿಟಕಿಗೆ ಬಳಿಯುತ್ತಿದ್ದರು. ನಮ್ಮಜ್ಜಿ ಪಂಚೆ ಅದ್ದುತ್ತಿದ್ದ ಬಕೆಟ್ಟಿನಲ್ಲಿ ಇಡೀ ಏಜಿಯನ್ ಸಮುದ್ರವೇ ಇತ್ತು. ಅವಳು ಅದಕ್ಕೆ ಟಿಕೆಟ್ ಇಡಲಿಲ್ಲ.

ಬಣ್ಣ ಪವಿತ್ರವೂ ಅಲ್ಲ, ಶಾಶ್ವತವೂ ಅಲ್ಲ. ಸ್ಪೇನಿನ ದಕ್ಷಿಣದಲ್ಲಿ ಹೂಸ್ಕಾರ್ ಅಂತೊಂದು ಗುಡ್ಡದ ಹಳ್ಳಿ. ತಲೆತಲಾಂತರದಿಂದ ಸುಣ್ಣದ ಊರು. 2011ರಲ್ಲಿ ಸ್ಮರ್ಫ್ ಎಂಬ ನೀಲಿ ಕುಳ್ಳರ ಸಿನಿಮಾ ಪ್ರಚಾರಕ್ಕೆಂದು ಊರಿಗೆ ಊರೇ ನೀಲಿ ಬಳಿದರು, ಚರ್ಚೂ ಸೇರಿ. ಪ್ರಚಾರ ಮುಗಿದ ಮೇಲೆ ಮೊದಲಿನಂತೆ ಬಿಳಿ ಮಾಡಿಕೊಡುತ್ತೇವೆ ಅಂದರೆ ಊರವರು ಮತ ಹಾಕಿ ಬೇಡ ಅಂದರು. ಜನ ಬರುತ್ತಿದ್ದರಲ್ಲ! ಪರಂಪರೆ ಒಂದು ಡಬ್ಬಿ ಪೇಂಟಿನಷ್ಟು ದಪ್ಪ. ಆಮೇಲೆ ಆ ಕುಳ್ಳರ ಹೆಸರಿನ ಹಕ್ಕಿದ್ದವರು ತಕರಾರು ತೆಗೆದರು. 2017ರಿಂದ ಊರಿಗೆ ಆ ಹೆಸರು ಹೇಳಿಕೊಳ್ಳುವ ಹಾಗಿಲ್ಲ. ನೀಲಿ ಮಾತ್ರ ಉಳಿಯಿತು.

ಸ್ಯಾಂಟೊರಿನಿಗೇ ಬರೋಣ. ಈಯಾದ ಹಳೆಯ ಶ್ರೀಮಂತರು ಹಡಗಿನ ಕಪ್ತಾನರು. ಅವರ ಬಂಗಲೆಗಳು ಮೇಲುಗಡೆ, ಬಣ್ಣಬಣ್ಣದವು. ಕೆಳಗೆ ಕಡಿದಾದ ಬಂಡೆಯ ಅಂಚಿನಲ್ಲಿ ಜ್ವಾಲಾಮುಖಿಯ ಬೂದಿ ಕೊರೆದು ಗುಹೆ ಮಾಡಿಕೊಂಡು ಬದುಕಿದವರು ಆ ಹಡಗುಗಳ ಆಳುಗಳು. 1956ರ ಜುಲೈ 9ರಂದು ಭೂಕಂಪವಾಯಿತು. 50ಕ್ಕೂ ಹೆಚ್ಚು ಜನ ಸತ್ತರು. ಉಳಿದವರಲ್ಲಿ ಬಹಳಷ್ಟು ಮಂದಿ ಗಂಟುಮೂಟೆ ಕಟ್ಟಿಕೊಂಡು ಅಥೆನ್ಸಿಗೆ ಹೋದರು. ಗುಹೆಗಳನ್ನು ಕೇಳುವವರಿರಲಿಲ್ಲ. 1970ರ ದಶಕದಲ್ಲಿ ಸರ್ಕಾರದ ಪ್ರವಾಸೋದ್ಯಮ ಸಂಸ್ಥೆಯೇ ಆ ಹಾಳುಮನೆಗಳಿಗೆ ತೇಪೆ ಹಾಕಿ ಅತಿಥಿಗೃಹ ಮಾಡಿತು.

ಈಗ ಕೂಲಿಯವನ ಬಿಲ ಕಪ್ತಾನನ ಬಂಗಲೆಗಿಂತ ದುಬಾರಿ. ಒಳಗೆ ಬಿಸಿನೀರಿನ ತೊಟ್ಟಿ. ಹೊರಗೆ ಈಜುಕೊಳ. ಒಂದೇ ಒಂದು ಹೊಳೆಯಿಲ್ಲದ ದ್ವೀಪ ಇದು. ಸಮುದ್ರದ ನೀರಿನ ಉಪ್ಪು ತೆಗೆದು ಬಳಸುವ ಊರು. ಕಾಲ ಕೆಳಗೆ ಸಮುದ್ರ ಬಿದ್ದಿದ್ದರೂ ಅದನ್ನು ನೋಡುತ್ತಾ ಮೀಯಲು ಇನ್ನೊಂದು ಕೊಳ ಬೇಕು. ಅದೇ ಊರಿನ ಶಾಲೆಗೆ ವರ್ಗವಾಗಿ ಬರುವ ಮೇಷ್ಟ್ರಿಗೆ ಬಾಡಿಗೆ ಮನೆ ಸಿಗುವುದಿಲ್ಲ. ಡಾಕ್ಟರಿಗೂ ಸಿಗುವುದಿಲ್ಲ. ಇರುವ ಕೋಣೆಗಳೆಲ್ಲ "ಸ್ಥಳೀಯ ಬದುಕಿನ ಅನುಭವ" ಕೊಡುವುದರಲ್ಲಿ ಬಿಡುವಿಲ್ಲ. ಸ್ಥಳೀಯರಿಗೆ ಜಾಗವಿಲ್ಲ, ಅನುಭವಕ್ಕೆ ಇದೆ.

ಹಳೇ ಬಂದರಿನಿಂದ ಮೇಲಿನ ಫೀರಾ ಪಟ್ಟಣಕ್ಕೆ ಸುಮಾರು 588 ಮೆಟ್ಟಿಲು. ಕೇಬಲ್ ಕಾರಿದೆ. ಕಾಲಿದೆ. ಆದರೂ ಹೇಸರಗತ್ತೆಯೇ ಬೇಕು ಅನ್ನುವವರಿಗೆ ಬರವಿಲ್ಲ. ಪಾಪ, ಪ್ರಾಣಿದಯೆಯ ಜನ! ಊಟದ ಮೇಜಿನಲ್ಲಿ ಹಾಲೂ ಮುಟ್ಟುವುದಿಲ್ಲ, ಬಾದಾಮಿ ಹಾಲೇ ಆಗಬೇಕು. 2018ರಲ್ಲಿ ಗ್ರೀಸ್ ಒಂದು ನಿಯಮ ತಂದಿತು. 100 ಕಿಲೋ ಮೀರಿ, ಇಲ್ಲವೇ ಪ್ರಾಣಿಯ ತೂಕದ ಐದನೇ ಒಂದು ಪಾಲು ಮೀರಿ ಭಾರ ಹೇರಕೂಡದು. ಲೆಕ್ಕ ಹಾಕಿ. ಹೇಸರಗತ್ತೆ 350 ಕಿಲೋ ಇದ್ದರೆ ಹೊರಬಹುದಾದದ್ದು 70. ಜೀನು, ಬೆನ್ನಚೀಲ, ಮಧ್ಯಾಹ್ನದ ಊಟ ಎಲ್ಲ ಕಳೆದರೆ ಉಳಿಯುವುದು ಹೈಸ್ಕೂಲು ಹುಡುಗ. ನನ್ನ ಮುಂದೆ ಹತ್ತಿ ಕೂತವರು ಹೈಸ್ಕೂಲು ಬಿಟ್ಟು ನಲವತ್ತು ವರ್ಷವಾಗಿತ್ತು. ಕತ್ತೆಗೆ ಕಾನೂನು ಓದಲು ಬರುವುದಿಲ್ಲ. ಬಂದಿದ್ದರೆ ಏಳನೇ ಮೆಟ್ಟಿಲಲ್ಲೇ ಧರಣಿ ಕೂರುತ್ತಿತ್ತು.

ಇನ್ನು ಹಾರುವ ಗೌನು. ಅದೊಂದು ಪ್ರತ್ಯೇಕ ಉದ್ಯಮ. ಮಾರುಗಟ್ಟಲೆ ಉದ್ದದ ಬಾಲವಿರುವ ಉಡುಪನ್ನು ಬಾಡಿಗೆಗೆ ಕೊಡುತ್ತಾರೆ. ಹೆಣ್ಣುಮಗಳು ಗೋಡೆ ಹತ್ತಿ ದಿಗಂತ ದಿಟ್ಟಿಸುತ್ತಾ ನಿಲ್ಲಬೇಕು. ಸಹಾಯಕನೊಬ್ಬ ಬಾಲ ಹಿಡಿದು ಗಾಳಿಗೆ ಎಸೆದು, ಚಿತ್ರದಲ್ಲಿ ಬೀಳದಂತೆ ಗೋಡೆ ಹಿಂದೆ ಅಡಗಿ ಕೂರಬೇಕು. ಮತ್ತೆ ಎಸೆಯಬೇಕು, ಮತ್ತೆ ಅಡಗಬೇಕು. ಚಿತ್ರದ ಕೆಳಗೆ ಬರೆಯುವುದು "ಏಕಾಂತ" ಎಂದು. ಆ ಏಕಾಂತಕ್ಕೆ ಹಿಂದೆ ಮೂವತ್ತು ಜನರ ಸಾಲು. ಎಲ್ಲರಿಗೂ ಅದೇ ಮೂರು ಗುಮ್ಮಟ, ಅದೇ ಏಕಾಂತ, ತಲೆಗೆ ಎರಡು ನಿಮಿಷ. ಗುಮ್ಮಟ ಇರುವುದು ಚರ್ಚಿಗೆ, ಒಳಗೆ ದೇವರಿದ್ದಾನೆ ಎಂಬುದು ಸಾಲಿನಲ್ಲಿ ಯಾರಿಗೂ ನೆನಪಿದ್ದಂತಿರಲಿಲ್ಲ. ಇದು ನಮ್ಮ ಮನೆ, ಸ್ವಲ್ಪ ಮರ್ಯಾದೆಯಿಂದಿರಿ ಎಂಬರ್ಥದ ಫಲಕಗಳನ್ನು ಊರವರು ಗೋಡೆಗೆ ಹಾಕಿದ್ದಾರೆ. ಅದರ ಮುಂದೂ ಫೋಟೋ ತೆಗೆಸಿಕೊಳ್ಳುತ್ತಾರೆ.

ಆಳುವವರದು ಇನ್ನೂ ಚೆಂದ. ದ್ವೀಪದಲ್ಲಿ ಇರುವವರು ಸುಮಾರು 15,500. 2024ರ ಜುಲೈಯಲ್ಲಿ ಒಂದೇ ದಿನ ಹತ್ತು ಸಾವಿರಕ್ಕೂ ಹೆಚ್ಚು ಹಡಗು ಪ್ರವಾಸಿಗರು ಬಂದಿಳಿಯುವುದಿತ್ತು. ಅಲ್ಲಿನ ಸ್ಥಳೀಯ ಆಡಳಿತದವರೊಬ್ಬರು ಊರವರಿಗೆ ವಿನಂತಿ ಮಾಡಿದರು: ಇವತ್ತು ಓಡಾಟ ಕಡಿಮೆ ಮಾಡಿ. ಅಂದರೆ ಮನೆಗೆ ನೆಂಟರು ಬರುತ್ತಿದ್ದಾರೆ, ಮನೆಯವರು ಅಟ್ಟ ಹತ್ತಿಕೊಳ್ಳಿ. ಜನ ಉಗಿದ ಮೇಲೆ ವಿನಂತಿ ಮಾಯವಾಯಿತು. ನೆಂಟರು ಬಂದೇ ಬಂದರು.

ಆಮೇಲೆ ಬುದ್ಧಿ ಬಂತು. ಹಡಗಿನ ಪ್ರವಾಸಿಗರು ದಿನಕ್ಕೆ 8,000 ಮೀರಬಾರದು ಎಂದು ಗೆರೆ ಎಳೆದರು. ಏಳು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಊರು ಉಸಿರಾಡುತ್ತದೆ ಎಂದಾಯಿತು. 2025ರ ಜುಲೈಯಿಂದ ಬೇಸಿಗೆಯ ದಟ್ಟಣೆಯಲ್ಲಿ ಇಳಿಯುವ ಪ್ರತಿ ಹಡಗು ಪ್ರವಾಸಿಗೆ 20 ಯೂರೋ ತೆರಿಗೆ. ಬರಬೇಡಿ ಅನ್ನುವುದಕ್ಕೆ ಬೆಲೆ ಕಟ್ಟಿದರು. ಜನ ನಿಜಕ್ಕೂ ಬರದಿದ್ದರೆ ಖಜಾನೆಗೆ ಖೋತಾ. ಆ 20 ಯೂರೋ ನಾನೂ ಕೊಟ್ಟಿದ್ದೇನೆ. ಕೊಟ್ಟ ಮೇಲೆ ನನಗೇನೂ ಪಶ್ಚಾತ್ತಾಪವಾಗಲಿಲ್ಲ. ದುಡ್ಡು ಕೊಟ್ಟಿದ್ದೇನೆ, ಇನ್ನೂ ಒಂದು ಗಂಟೆ ಇರೋಣ ಅನ್ನಿಸಿತು.

ಪೋಸ್ಟರಿನಲ್ಲಿರುವ ಈಯಾ, ಅಂದರೆ ಒಬ್ಬ ನರಪಿಳ್ಳೆಯೂ ಇಲ್ಲದ ಬಿಳಿ ಓಣಿ, ನಿಜಕ್ಕೂ ಇತ್ತು. 2025ರ ಫೆಬ್ರವರಿಯಲ್ಲಿ. ಸಾವಿರಾರು ಸಲ ನೆಲ ನಡುಗಿತು. ಶಾಲೆಗಳು ಮುಚ್ಚಿದವು. 11,000ಕ್ಕೂ ಹೆಚ್ಚು ಜನ ಹಡಗು, ವಿಮಾನ ಹಿಡಿದು ದ್ವೀಪ ಬಿಟ್ಟರು. ಓಣಿ ಖಾಲಿ, ಮೆಟ್ಟಿಲು ಖಾಲಿ, ಕೋಟೆ ಖಾಲಿ. ಎಲ್ಲರೂ ಕೇಳುತ್ತಿದ್ದ ಏಕಾಂತ, ಗೌನು ಬಾಡಿಗೆ ಇಲ್ಲದೆ. ಅಂಚಿನಲ್ಲಿ ನೀರು ತುಳುಕಿ ಕಟ್ಟಡಕ್ಕೆ ಅಪಾಯವಾದೀತೆಂದು ಅಧಿಕಾರಿಗಳು ಈಜುಕೊಳಗಳನ್ನು ಬರಿದು ಮಾಡಿಸಿದರು. ಸೂರ್ಯ ಅಂದೂ ಮುಳುಗಿದ. ಒಂದು ಚಪ್ಪಾಳೆಯಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಾನು ಹೋದಾಗ ಕೊಳಗಳು ತುಂಬಿದ್ದವು. ಕೋಟೆಯ ಗೋಡೆ ಮೇಲೆ ಟವೆಲ್ ಹಾಸಿತ್ತು. ಸ್ವಲ್ಪ ಸರಿಯಿರಿ ಅಂದೆ. ಇದು ರಿಸರ್ವ್ಡ್ ಅಂದರು.