ಯಂತ್ರವುಳ್ಳ ಯಜಮಾನರು

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹೋದವರಲ್ಲಿ ಅಧ್ಯಕ್ಷಭಾಷಣವನ್ನು ಆದ್ಯಂತವಾಗಿ ಕೇಳಿದವರು ವಿರಳ, ಊಟದ ಸಾಲಿನಲ್ಲಿ ನಿಂತವರು ಹೇರಳ. ಆದರೆ ಈ ಎರಡು ಪಂಗಡದವರೂ ಒಮ್ಮೆಯಾದರೂ ತಪ್ಪದೆ ಪ್ರದಕ್ಷಿಣೆ ಮಾಡಿ ಬರುವ ಸ್ಥಳವೊಂದುಂಟು, ಅದು ಪುಸ್ತಕ ಮಳಿಗೆಗಳ ಸಾಲು. ತಗಡಿನ ಮಾಡು, ಬಟ್ಟೆಯ ಗೋಡೆ, ಹೆಜ್ಜೆಯಿಟ್ಟಲ್ಲೆಲ್ಲ ಏಳುವ ಧೂಳು, ಇವುಗಳ ಮಧ್ಯದಲ್ಲಿ ಬಾಡಿಗೆಯ ಎರಡು ಮೇಜುಗಳ ಹಿಂದೆ ಅರ್ಧ ತೋಳಿನ ಬಿಳಿಯ ಅಂಗಿ ತೊಟ್ಟು, ಕನ್ನಡಕವನ್ನು ಹಣೆಗೇರಿಸಿಕೊಂಡು ವಿರಾಜಮಾನರಾಗಿರುವ, ನಡುವಯಸ್ಸು ದಾಟಿದ ಸದ್ಗೃಹಸ್ಥರೊಬ್ಬರನ್ನು ನೀವು ಅವಶ್ಯವಾಗಿ ಕಂಡಿರುತ್ತೀರಿ. ಅವರು ಪ್ರಕಾಶಕರು. ಪ್ರಕಾಶನಕ್ಕೆ ತಾಯಿಯ ಹೆಸರಿರಬಹುದು, ಮನೆದೇವರ ಹೆಸರಿರಬಹುದು. ಊರು ಮೈಸೂರಾಗಿರಬಹುದು, ತುಮಕೂರಾಗಿರಬಹುದು. ಮೇಜಿನ ಬಲಮೂಲೆಯಲ್ಲಿ, ಧೂಳು ತಾಗದಂತೆ ಪ್ಲಾಸ್ಟಿಕ್ ಹೊದಿಸಿ, ಆಯುಧಪೂಜೆಯಲ್ಲಿ ಇಟ್ಟ ಕುಂಕುಮದ ಬೊಟ್ಟು ಇನ್ನೂ ಮಾಸದಂತೆ ಕಾಪಾಡಿಕೊಂಡ, ಕಾರ್ಡು ಉಜ್ಜುವ ಯಂತ್ರವೊಂದು ಇರುವುದು ಮಾತ್ರ ನಿಶ್ಚಿತ. ಅದರ ಪಕ್ಕದಲ್ಲಿ ‘ಕಾರ್ಡುಗಳನ್ನು ಸ್ವೀಕರಿಸಲಾಗುವುದು’ ಎಂಬ ಫಲಕವಿದೆ. ಫಲಕವನ್ನು ನಂಬಿ ನೀವು ಕಾರ್ಡನ್ನು ಹೊರತೆಗೆದಿರೋ, ಯಜಮಾನರ ಮುಖದಲ್ಲಿ ಅದುವರೆಗೆ ಇದ್ದ ಪ್ರಸನ್ನತೆ ಒಮ್ಮೆಲೇ ಮಾಯವಾಗುತ್ತದೆ.

“ಇದೆ ಸ್ವಾಮಿ, ಕಾರ್ಡೂ ತಗೋತೀವಿ. ಆದರೂ ನಗದು ಇದೆಯೇನೋ, ಜೇಬು ಒಂದ್ಸಲ ನೋಡ್ಕೊಳ್ಳಿ.”

ಕಾರ್ಡನ್ನು ಸ್ವೀಕರಿಸುವ ಸಾಮರ್ಥ್ಯ ತಮಗುಂಟೆಂದು ಲೋಕಕ್ಕೆ ತೋರಿಸುವುದು ಬೇರೆ, ಸ್ವೀಕರಿಸುವುದು ಬೇರೆ ಎಂಬ ಈ ಸೂಕ್ಷ್ಮವನ್ನು ಅರಿಯದವರು ಅವರನ್ನು ಜಿಪುಣರೆಂದೋ ಹಳೆಯ ಕಾಲದವರೆಂದೋ ತಿಳಿಯುವುದುಂಟು. ಅದು ಅನ್ಯಾಯ. ಯಂತ್ರವನ್ನು ಅವರು ತಾವಾಗಿಯೇ ಅರ್ಜಿ ಹಾಕಿ ತರಿಸಿಕೊಂಡವರು. 2016ನೆಯ ಇಸವಿಯ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ ರಾಯಚೂರಿನ 82ನೆಯ ಸಮ್ಮೇಳನ ಡಿಸೆಂಬರ್ 2ಕ್ಕೆ ಆರಂಭವಾಯಿತು. ಅಂಥ ವಿಷಮ ಮುಹೂರ್ತದಲ್ಲಿ ಮಳಿಗೆ ಹಾಕಿದವನ ಪಾಡನ್ನು ಏನೆಂದು ವರ್ಣಿಸೋಣ? ಓದುಗನಲ್ಲಿ ಪುಸ್ತಕಪ್ರೇಮವಿದೆ, ಜೇಬಿನಲ್ಲಿ 2000 ರೂಪಾಯಿಯ ಹೊಸ ಗುಲಾಬಿ ನೋಟೂ ಇದೆ; 120 ರೂಪಾಯಿಯ ಕಥಾಸಂಕಲನಕ್ಕೆ ಅದನ್ನು ಚಾಚಿದರೆ ಚಿಲ್ಲರೆ ಕೊಡಲು ಇಡೀ ಸಾಲಿನಲ್ಲಿ ಒಬ್ಬನಿಗೂ ಗತಿಯಿಲ್ಲ. ಆಗಲೇ ಯಜಮಾನರು ಸಂಕಲ್ಪ ಮಾಡಿದರು. ಚಾಲ್ತಿ ಖಾತೆ, ಪ್ಯಾನ್ ಕಾರ್ಡಿನ ಪ್ರತಿ, ಅಡ್ಡಗೆರೆ ಎಳೆದ ಚೆಕ್ಕು, ಅಂಗಡಿಯ ನಾಮಫಲಕದ ಭಾವಚಿತ್ರ, ಎಲ್ಲವನ್ನೂ ಬ್ಯಾಂಕಿಗೆ ಸಮರ್ಪಿಸಿ, ಮರುವರ್ಷ ನವೆಂಬರಿನ ಮೈಸೂರು ಸಮ್ಮೇಳನಕ್ಕೆ ಸಯಂತ್ರರಾಗಿ ಬಂದಿಳಿದರು. ಯಂತ್ರವನ್ನು ನಡೆಸಲು ಬಿ.ಕಾಂ. ಓದುತ್ತಿದ್ದ ಅಕ್ಕನ ಮಗನನ್ನು ಜೊತೆಗೆ ಕರೆತಂದರು.

ಆದರೆ ಸಮ್ಮೇಳನದ ಬಯಲೆಂದರೆ ಬ್ಯಾಂಕಿನ ಸಭಾಂಗಣವಲ್ಲವಷ್ಟೆ. ಯಂತ್ರದ ಹೊಟ್ಟೆಯಲ್ಲಿ ಇರುವುದು ಮೊಬೈಲಿನಲ್ಲಿರುವಂಥದೇ ಒಂದು ಸಿಮ್ಮು. ಅದೂ ಗೋಪುರದ ಸಂಕೇತವನ್ನು ಆಶ್ರಯಿಸಿ ಬದುಕತಕ್ಕದ್ದು. ಅದೇ ಗೋಪುರವನ್ನು ಆ ಮೂರು ದಿನ ಬಯಲಿನಲ್ಲಿ ನೆರೆದ ಅಸಂಖ್ಯ ಕನ್ನಡಿಗರು ತಮ್ಮ ಭಾವಚಿತ್ರಗಳನ್ನು ಬಂಧುಗಳಿಗೆ ರವಾನಿಸಲು ಜಗ್ಗುತ್ತಿರುವಾಗ, ತಗಡಿನ ಮಾಡಿನ ಕೆಳಗೆ ಕುಳಿತ ಈ ಬಡಯಂತ್ರದ ಕೂಗು ಯಾರಿಗೆ ಕೇಳಬೇಕು? ‘ಸಂಪರ್ಕಿಸಲಾಗುತ್ತಿದೆ’ ಎಂಬರ್ಥದ ಇಂಗ್ಲಿಷ್ ಅಕ್ಷರಗಳು ಪರದೆಯ ಮೇಲೆ ಮೂಡಿ, ಅಲ್ಲೇ ನಿಂತು, ಅಳಿಸಿಹೋಗುತ್ತವೆ. “ಹೊರಗಡೆ ಸಿಗ್ನಲ್ ಇದೆ ಮಾವ,” ಎನ್ನುತ್ತಾನೆ ಹುಡುಗ. ಆಗ ಹೊರಡುವ ಮೆರವಣಿಗೆಯನ್ನು ನೋಡಿಯೇ ತೀರಬೇಕು: ಯಂತ್ರವನ್ನು ಉತ್ಸವಮೂರ್ತಿಯಂತೆ ತಲೆಯ ಮೇಲಕ್ಕೆತ್ತಿ ಹಿಡಿದ ಹುಡುಗ ಮುಂದೆ, ಕಾರ್ಡಿನ ಒಡೆಯ ಕಂಕುಳಲ್ಲಿ ಪುಸ್ತಕಗಳನ್ನಿರುಕಿಕೊಂಡು ಅವನ ಹಿಂದೆ, ಗಿರಾಕಿ ಹಾಗೆಯೇ ಹೊರಟುಹೋದಾನೆಂಬ ಶಂಕೆಯಿಂದಲ್ಲ, ಬಿಸಿಲಿನಲ್ಲಿ ಬಳಲಿಯಾನೆಂಬ ಕನಿಕರದಿಂದ ಯಜಮಾನರು ಕೊನೆಯಲ್ಲಿ. ಜನರೇಟರಿನ ಹಿಂಬದಿಯಲ್ಲಿ ಒಂದು ಗೆರೆ, ನೀರಿನ ಟ್ಯಾಂಕಿನ ಬಳಿ ಎರಡು ಗೆರೆ. ಕೊನೆಗೆ ಭೋಜನಶಾಲೆಯ ಒಲೆಗಳ ಸಮೀಪದಲ್ಲಿ, ಸಾರಿನ ಒಗ್ಗರಣೆಯ ಘಾಟಿನ ನಡುವೆ, ಚೀಟಿ ಹೊರಬರುತ್ತದೆ. ಅಷ್ಟು ಹೊತ್ತು ಮಳಿಗೆ ಅನಾಥವಾಗಿತ್ತೆಂಬುದು, ಹೇಗೂ ಆ ಕಡೆಗೆ ಬಂದಿದ್ದೇವಲ್ಲ ಎಂದು ಊಟ ಮುಗಿಸಿಕೊಂಡು ಹಿಂದಿರುಗಿದ ಮೇಲೆಯೇ ನೆನಪಾಗುವುದು.

ಯಜಮಾನರಿಗೆ ಯಂತ್ರದ ಕೌಶಲವಿಲ್ಲವೆಂದು ತಿಳಿಯಬಾರದು. ಬೆನ್ನಿನಲ್ಲಿ ಕಪ್ಪು ಪಟ್ಟಿಯಿದ್ದ ಹಳೆಯ ಕಾರ್ಡುಗಳ ಕಾಲದಲ್ಲಿ ಅವರು ಪರಿಣತರೇ ಆಗಿದ್ದರು. ಒಮ್ಮೆ ಉಜ್ಜಿದರೆ ಓದದ ಕಾರ್ಡನ್ನು ಅಂಗಿಯ ಚುಂಗಿಗೆ ತಿಕ್ಕಿ, ಅದಕ್ಕೂ ಜಗ್ಗದಿದ್ದರೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ಹದವಾದ ವೇಗದಲ್ಲಿ ಮೇಲಿಂದ ಕೆಳಕ್ಕೆಳೆದು ಓದಿಸುತ್ತಿದ್ದರು. ಅಕ್ಕಪಕ್ಕದ ಮಳಿಗೆಯವರು ಹಠಮಾರಿ ಕಾರ್ಡುಗಳನ್ನು ಚಿಕಿತ್ಸೆಗಾಗಿ ಇವರಲ್ಲಿಗೇ ಕಳುಹಿಸುತ್ತಿದ್ದರು. ವಿದ್ಯೆ ಕೈಗೆ ಹತ್ತುವ ಹೊತ್ತಿಗೆ ಕಾಲ ಬದಲಾಯಿತು. ಪಟ್ಟಿಯ ಕಾರ್ಡುಗಳ ಬದಲಿಗೆ ಚಿಪ್ಪಿನ ಕಾರ್ಡುಗಳನ್ನು ಕೊಟ್ಟು ಮುಗಿಸಲು ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ವಿಧಿಸಿದ್ದ ಗಡುವು 2018ರ ಡಿಸೆಂಬರ್ 31. ಅದು ಕಳೆದು ವಾರ ತುಂಬುವುದರೊಳಗೆ ಧಾರವಾಡದ ಸಮ್ಮೇಳನ. ಇನ್ನು ಮೇಲೆ ಕಾರ್ಡನ್ನು ಯಂತ್ರದ ಬಾಯಿಗೆ ತುರುಕಿ ಸುಮ್ಮನೆ ಕಾಯತಕ್ಕದ್ದು. ಇದರಲ್ಲಿ ಕೈಚಳಕಕ್ಕೆ ಸ್ಥಾನವೆಲ್ಲಿ? ಮುಂದೆ 2021ರ ಜನವರಿಯಿಂದ 5000 ರೂಪಾಯಿಯವರೆಗೆ ಗುಪ್ತಸಂಖ್ಯೆಯನ್ನೂ ಒತ್ತದೆ ಬರಿದೇ ಕಾರ್ಡು ತಾಗಿಸಿದರೆ ಸಾಕೆಂಬ ಏರ್ಪಾಡು ಬಂದಾಗಲಂತೂ ಅವರು ಮನಸ್ಸಿನಲ್ಲೇ ನೊಂದುಕೊಂಡರು. ಮುಟ್ಟಿದ ಮಾತ್ರಕ್ಕೆ ಕೈಬಿಟ್ಟುಹೋಗುವ ಹಣದಲ್ಲಿ ಏನೋ ಒಂದು ಅಮರ್ಯಾದೆಯುಂಟೆಂದು ಅವರ ಭಾವನೆ.

ಗುಪ್ತಸಂಖ್ಯೆಯ ವಿಷಯದಲ್ಲಿ ಅವರ ಸಭ್ಯತೆ ಅನುಕರಣೀಯವಾದದ್ದು. ಗಿರಾಕಿ ಅಂಕಿಗಳನ್ನು ಒತ್ತುವಾಗ ತಾವು ಪೂರ್ಣವಾಗಿ ಹಿಂದಿರುಗಿ ನಿಂತು, ಬಟ್ಟೆಯ ಗೋಡೆಯನ್ನು ನಿಟ್ಟಿಸುತ್ತಾರೆ. ಆದರೆ ನಿವೃತ್ತ ಉಪಾಧ್ಯಾಯರೊಬ್ಬರು ಬಂದರೆಂದರೆ ಈ ಸಭ್ಯತೆಯೆಲ್ಲ ವ್ಯರ್ಥ. ಅವರು ತಮ್ಮ ಕನ್ನಡಕವನ್ನು ವಸತಿಯಲ್ಲಿ ಮರೆತುಬಂದಿರುತ್ತಾರೆ. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ಧ್ವನಿಯಲ್ಲಿ ನಾಲ್ಕು ಅಂಕಿಗಳನ್ನೂ ಒಂದೊಂದಾಗಿ ಉಚ್ಚರಿಸಿ, “ಒತ್ತಪ್ಪಾ, ನಮ್ಮ ದೊಡ್ಡ ಮಗ ಹುಟ್ಟಿದ ವರ್ಷವೇ,” ಎಂದು ವ್ಯಾಖ್ಯಾನವನ್ನೂ ಸೇರಿಸುತ್ತಾರೆ. ಚೀಟಿ ಹರಿಯುವ ಮೊದಲೇ ಅವರ ಮೊಬೈಲು ರಿಂಗಣಿಸುತ್ತದೆ. ಖಾತೆಯಿಂದ ಹಣ ಹೋದ ಸಂದೇಶ ಊರಿನಲ್ಲಿರುವ ಮನೆಯಾಕೆಯ ಮೊಬೈಲಿಗೆ ತಲುಪಿರುತ್ತದೆ. “ಪುನಃ ಪುಸ್ತಕವೇ?” ಎಂಬ ಪ್ರಶ್ನೆ ಮೇಜಿನ ಈಚೆಗೂ ಕೇಳಿಸುತ್ತದೆ. ನಗದಿನಲ್ಲಿ ಪುಸ್ತಕ ಕೊಂಡು ಚೀಲದ ತಳದಲ್ಲಿ ಪಂಚೆಯ ಕೆಳಗಿಟ್ಟು ಮನೆಗೊಯ್ಯುತ್ತಿದ್ದ ಸ್ವಾತಂತ್ರ್ಯ ಹೀಗೆ ಕೊನೆಗೊಂಡಿತೆಂದು ಯಜಮಾನರು ನಿಟ್ಟುಸಿರುಬಿಡುವುದರಲ್ಲಿ, ವ್ಯಾಪಾರದ ಚಿಂತೆಗಿಂತ ಗೃಹಸ್ಥನಾದವನ ಸಹಾನುಭೂತಿಯೇ ಅಧಿಕ.

ಅವರ ನಿಜವಾದ ವ್ಯಥೆ ಬ್ಯಾಂಕಿನ ಕಡಿತದ್ದು. ವಾರ್ಷಿಕ ವಹಿವಾಟು 20 ಲಕ್ಷವನ್ನು ಮೀರದ ಸಣ್ಣ ವ್ಯಾಪಾರಿಯಿಂದ ಡೆಬಿಟ್ ಕಾರ್ಡಿನ ಬಾಬ್ತು ನೂರಕ್ಕೆ 40 ಪೈಸೆಗಿಂತ ಹೆಚ್ಚು ಹಿಡಿಯಕೂಡದೆಂದು 2018ರ ಜನವರಿಯಿಂದ ಕಟ್ಟಳೆಯಾಯಿತು. ಕ್ರೆಡಿಟ್ ಕಾರ್ಡಿಗೆ ಅಂಥ ಕಟ್ಟಳೆಯಿಲ್ಲ, ಅಲ್ಲಿ ಸಾಮಾನ್ಯವಾಗಿ ನೂರಕ್ಕೆ ಎರಡರ ಆಸುಪಾಸು. ಈಗ ಯಜಮಾನರ ಗಣಿತವನ್ನು ಗಮನಿಸಿ. ಪುಸ್ತಕದ ಬೆಲೆ 300. ಸಮ್ಮೇಳನದ ಪ್ರಯುಕ್ತ ಶೇಕಡ 10 ರಿಯಾಯಿತಿ, ಉಳಿದದ್ದು 270. “ತಾವು ಹಳಬರು, 250 ಕೊಡಿ ಸಾಕು,” ಎಂದು ತಾವಾಗಿಯೇ ಇನ್ನೂ 20 ರೂಪಾಯಿ ಬಿಡುತ್ತಾರೆ. ಹೀಗೆ 50 ರೂಪಾಯಿಯನ್ನು ನಗುನಗುತ್ತ ತ್ಯಾಗಮಾಡಿದ ಮಹಾನುಭಾವರು, ಎದುರಿನವನು ಕ್ರೆಡಿಟ್ ಕಾರ್ಡನ್ನು ಚಾಚಿದೊಡನೆ, ಬ್ಯಾಂಕು ಹಿಡಿದುಕೊಳ್ಳಲಿರುವ 5 ರೂಪಾಯಿಯನ್ನು ಕುರಿತು ಕಾಲು ಗಂಟೆ ಸಂಕಟಪಡುತ್ತಾರೆ. ಆ ಕಡಿತವನ್ನು ಗಿರಾಕಿಯ ತಲೆಗೆ ಕಟ್ಟುವಂತಿಲ್ಲವೆಂಬ ಷರತ್ತು ಬೇರೆ. ತಾವು ಕೊಟ್ಟದ್ದು ಔದಾರ್ಯ, ಅವರು ಹಿಡಿದದ್ದು ಕಂದಾಯ. ಈ ತಾರತಮ್ಯವನ್ನು ಬಿ.ಕಾಂ. ಹುಡುಗನಿಗೆ ಮನಗಾಣಿಸುವುದು ಅವರಿಗೆ ಇಂದಿಗೂ ಸಾಧ್ಯವಾಗಿಲ್ಲ. 2020ರ ಜನವರಿಯಿಂದ ರುಪೇ ಡೆಬಿಟ್ ಕಾರ್ಡಿಗೆ ಕಡಿತವೇ ಇಲ್ಲವೆಂದಾಯಿತು. ಮರುತಿಂಗಳ ಕಲಬುರಗಿ ಸಮ್ಮೇಳನದಲ್ಲಿ ಅವರು ಚಾಚಿದ ಕಾರ್ಡನ್ನು ಕೈಗೆತ್ತಿಕೊಂಡು, ಹಣೆಯ ಕನ್ನಡಕವನ್ನು ಕಣ್ಣಿಗಿಳಿಸಿ, ಮೂಲೆಯ ಗುರುತನ್ನು ಪರೀಕ್ಷಿಸಿ, “ರುಪೇ ಯಾವುದೂ ಇಲ್ಲವೇ ಸ್ವಾಮಿ?” ಎಂದು ಕುಲಗೋತ್ರವನ್ನು ವಿಚಾರಿಸುವುದನ್ನು ರೂಢಿಸಿಕೊಂಡರು.

ಕಾರ್ಡಿನ ಕಾಟವನ್ನು ತಗ್ಗಿಸಲು ಫಲಕದ ಕೆಳಗೆ ಅವರು ಕೈಬರಹದಲ್ಲಿ ‘200 ರೂ.ಗಿಂತ ಕಡಿಮೆಗೆ ಕಾರ್ಡು ಇಲ್ಲ’ ಎಂದು ಸೇರಿಸಿದ್ದುಂಟು. ನಿರ್ಬಂಧವೆಂದು ಹಾಕಿದ್ದು ವರವಾಗಿ ಪರಿಣಮಿಸಿತು. 140 ರೂಪಾಯಿಯ ಕಾದಂಬರಿಯನ್ನು ಹಿಡಿದು ಕಾರ್ಡು ತೋರಿಸಿದವನಿಗೆ, “ಇನ್ನು 60 ರೂಪಾಯಿಗೆ ಏನಾದರೂ ಸೇರಿಸಿಬಿಡಿ,” ಎಂದು ಮೃದುವಾಗಿ ಸೂಚಿಸಿ, ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಸರಿಯಾಗಿ 60 ರೂಪಾಯಿಯದೇ ಆದ ಕವನಸಂಕಲನವೊಂದನ್ನು ಎತ್ತಿಡುತ್ತಾರೆ. ಕವಿ ಯಾರೆಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಯಜಮಾನರು ಲಜ್ಜೆಯಿಂದ ತಲೆತಗ್ಗಿಸುತ್ತಿದ್ದರು. ಹತ್ತು ವರ್ಷ ಗೆದ್ದಲಿಗೆ ಹೆದರಿಕೊಂಡು ಬದುಕಿದ್ದ ಆ ಆವೃತ್ತಿ ಹೀಗೆ ಕಾರ್ಡುದಾರರ ಪುಣ್ಯದಿಂದ ಮುಗಿಯುತ್ತ ಬಂದಿದೆ.

ಹಣ ಅತ್ತ ಖಾತೆಯಿಂದ ಹೊರಟಿದೆ, ಇತ್ತ ಯಂತ್ರಕ್ಕೆ ಬಂದಿಲ್ಲ ಎಂಬ ತ್ರಿಶಂಕು ಪ್ರಸಂಗವೇ ಅವರ ಸ್ವಭಾವದ ಒರೆಗಲ್ಲು. ಗಿರಾಕಿ ಮೊಬೈಲಿನ ಸಂದೇಶವನ್ನು ತೋರಿಸುತ್ತಾನೆ. ಯಂತ್ರ ‘ತಿರಸ್ಕೃತ’ ಎಂಬ ಚೀಟಿಯನ್ನು ಉಗುಳುತ್ತದೆ. ಇಂಥ ಹಣವನ್ನು ಬ್ಯಾಂಕು ಐದು ದಿನದೊಳಗೆ ತಾನಾಗಿ ಹಿಂದಿರುಗಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ದಂಡ ತೆರಬೇಕೆಂದು 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ವಿಧಿಸಿರುವುದನ್ನು ಹುಡುಗ ಗಟ್ಟಿಯಾಗಿ ಹೇಳುತ್ತಾನೆ. ಯಜಮಾನರು ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಅಪರಿಚಿತನಾದ ಆ ಓದುಗನ ಮುಖವನ್ನು ಒಂದು ಕ್ಷಣ ನೋಡಿ, ಪುಸ್ತಕಗಳನ್ನು ಚೀಲಕ್ಕೆ ತುಂಬಿ, “ತಗೊಂಡು ಹೋಗಿ ಸ್ವಾಮಿ. ದುಡ್ಡು ವಾಪಸ್ ಬಂದರೆ ಕಳಿಸಿ, ಇಲ್ಲದಿದ್ದರೆ ಮುಂದಿನ ಸಮ್ಮೇಳನದಲ್ಲಿ ನೋಡೋಣ,” ಎಂದು ಕೈಮುಗಿದು ಕಳುಹಿಸುತ್ತಾರೆ. ಅವರ ಕೈಚೀಲದಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ರಿ ಪುಸ್ತಕವೊಂದಿದೆ. ಅದರಲ್ಲಿ ಅಧ್ಯಾಪಕರಿದ್ದಾರೆ, ಸಂಶೋಧಕರಿದ್ದಾರೆ, ಹೆಸರಿನ ಬದಲು ‘ಹಾವೇರಿ, ಬಿಳಿ ಟೋಪಿ’ ಎಂದಷ್ಟೇ ನಮೂದಾದವರೂ ಇದ್ದಾರೆ. ಸಗಟಾಗಿ ಕೊಟ್ಟ ಪುಸ್ತಕಗಳ ಬಿಲ್ಲಿಗಾಗಿ ವರ್ಷಗಟ್ಟಲೆ ನಿಶ್ಚಿಂತರಾಗಿ ಕಾಯುವ ಈ ಪುಣ್ಯಾತ್ಮರು, ಕಾರ್ಡಿನಲ್ಲಿ ಸಂದಾಯವಾದ ಮೊಬಲಗು ಮರುದಿನ ಖಾತೆಗೆ ಜಮಾ ಆಗುವುದೆಂಬ ಬ್ಯಾಂಕಿನ ಮಾತನ್ನು ನಂಬಿ ಒಂದು ರಾತ್ರಿ ನಿದ್ರಿಸಲಾರರು! ಮುಖವಿರುವವನನ್ನು ನಂಬುವುದು ಅವರಿಗೆ ಹುಟ್ಟುಗುಣ, ಯಂತ್ರಕ್ಕೆ ಮುಖವೆಲ್ಲಿದೆ?

ಯಂತ್ರ ಕೊಡುವ ಚೀಟಿಗಳ ಮೇಲೂ ಅವರಿಗೆ ಗೌರವವಿಲ್ಲ. ಶಾಯಿಯಿಲ್ಲದೆ ಬರಿಯ ಶಾಖದಿಂದ ಕಪ್ಪಾಗುವ ಆ ಕಾಗದವನ್ನು ತಂತಿಗೆ ಚುಚ್ಚಿಟ್ಟರೆ, ಬೇಸಗೆ ಕಳೆಯುವುದರೊಳಗೆ ಅಕ್ಷರಗಳೆಲ್ಲ ಮಾಸಿ ಬಿಳಿಯ ಹಾಳೆಯಾಗುತ್ತದೆ. ಅಚ್ಚಿನಮೊಳೆಯ ಕಾಲದಿಂದ ಮುದ್ರಣದಲ್ಲಿ ಪಳಗಿದವರಿಗೆ ಇದಕ್ಕಿಂತ ದೊಡ್ಡ ಅಪಮಾನ ಮತ್ತೊಂದಿಲ್ಲ.

ಈಚೆಗೆ ಚೌಕದ ಚಿತ್ರಕ್ಕೆ ಮೊಬೈಲು ಹಿಡಿದು ಹಣ ಕಳುಹಿಸುವ ಪದ್ಧತಿ ಬಂದು, ಯಂತ್ರದ ಕೆಲಸ ಬಹುಮಟ್ಟಿಗೆ ತಪ್ಪಿದೆ. ಬಂದ ಹಣವನ್ನು ಕೂಗಿ ಹೇಳುವ ಪೆಟ್ಟಿಗೆಯನ್ನು ಅವರು ಒಪ್ಪಿಕೊಂಡಿದ್ದಾರೆ. ಬಾಯಿಬಿಟ್ಟು ಹೇಳುವುದಾದರೂ ಹೇಳುತ್ತದಲ್ಲ. ಯಂತ್ರದ ಬಾಡಿಗೆ ಸುಮ್ಮನೆ ಹೋಗುತ್ತಿದೆ, ಹಿಂದಿರುಗಿಸೋಣವೆಂದು ಹುಡುಗ ಪ್ರತಿ ವರ್ಷ ಹೇಳುತ್ತಾನೆ. ಅಮೆರಿಕದಲ್ಲಿರುವ ಕನ್ನಡಿಗರು ರಜೆಗೆ ಬಂದಾಗ ಅಲ್ಲಿನ ಕಾರ್ಡನ್ನೇ ಕೊಡುತ್ತಾರೆಂಬುದು ಯಜಮಾನರ ಸಮಾಧಾನ. ಆ ಕಾರ್ಡುಗಳಿಗೆ ಕೆಲವೊಮ್ಮೆ ಚೀಟಿಯ ಮೇಲೆ ಸಹಿ ಬೇಕಾಗುತ್ತದೆ. ಸಹಿಯೆಂದರೆ ಅವರಿಗೆ ಅರ್ಥವಾಗುವ ವಸ್ತು.

ಮಂಡ್ಯದಲ್ಲಿ 2024ರ ಡಿಸೆಂಬರಿನಲ್ಲಿ ನಡೆದ ಸಮ್ಮೇಳನದಲ್ಲಿ, ಕೊರಳಿಗೆ ಗುರುತಿನ ಪಟ್ಟಿ ತೂಗಿಸಿಕೊಂಡ ತರುಣನೊಬ್ಬ ಮಳಿಗೆಗೆ ಬಂದು, ತಾನು ಬ್ಯಾಂಕಿನವನೆಂದೂ, ಹೊಸ ಮಾದರಿಯ ಯಂತ್ರ ಎಲ್ಲಿದ್ದರೂ ಕ್ಷಣಾರ್ಧದಲ್ಲಿ ಕೆಲಸಮಾಡುವುದೆಂದೂ ಸವಿಸ್ತಾರವಾಗಿ ವಿವರಿಸಿದ. ಮಾತಿನ ನಡುವೆ ಕೈಗೆ ಸಿಕ್ಕ ಕಾದಂಬರಿಯೊಂದರಲ್ಲಿ ಅವನ ಕಣ್ಣು ನೆಟ್ಟಿತು, ಇನ್ನೆರಡನ್ನು ಆರಿಸಿದ, 610 ರೂಪಾಯಿಯಾಯಿತು. ತನ್ನ ಬ್ಯಾಂಕಿನದೇ ಕಾರ್ಡನ್ನು, ತಾನು ತಂದ ಯಂತ್ರಕ್ಕೇ ತಾಗಿಸಿದ. ಯಂತ್ರ ಯೋಚಿಸಿತು. ಮತ್ತೆ ತಾಗಿಸಿದ. ಮೊಬೈಲು ತೆಗೆದರೆ ಅದರಲ್ಲೂ ಚಕ್ರ ತಿರುಗುತ್ತಲೇ ಇತ್ತು. ತರುಣ ಬೆವರಿ, ಪುಸ್ತಕಗಳನ್ನು ಮೇಜಿನ ಮೇಲೆ ಹಿಂದಿಡತೊಡಗಿದ. ಯಜಮಾನರು ಬಹಳ ದಿನಗಳ ಮೇಲೆ ಮುಖವರಳಿಸಿ, ಕೈಚೀಲದಿಂದ ಕೆಂಪು ಪುಸ್ತಕವನ್ನು ತೆಗೆದು, ಹೊಸ ಪುಟದ ತಲೆಗೆ ಶ್ರೀಕಾರ ಬರೆದು, ಅವನ ಹೆಸರನ್ನೂ ಬ್ಯಾಂಕಿನ ಹೆಸರನ್ನೂ ನಿಧಾನವಾಗಿ ನಮೂದಿಸಿಕೊಂಡರು.

“ತಗೊಂಡು ಹೋಗಪ್ಪಾ, ಓದಿ ಮುಗಿಸಿ ನಿಧಾನವಾಗಿ ಕೊಡು. ನಾವೇನು ನಿಮ್ಮ ಹಾಗೆ ನೂರಕ್ಕೆ ಎರಡು ಹಿಡಿಯೋರಲ್ಲ.”