ಕಿವಿಗೆ ಹತ್ತಿ

ಹೆರಿಗಿ ನನ್ನದು, ಗದ್ದಲ ಬೀಗರದು. ಬಸವನ ಬಾಗೇವಾಡಿ ಸರಕಾರಿ ದವಾಖಾನಿಯೊಳಗ ನಾನು ಬ್ಯಾನಿ ತಿನ್ನಾಕತ್ತಿದ್ರ, ಹೊರಗ ಬೇವಿನ ಗಿಡದ ಕೆಳಗ ಇಂಡಿ ಅತ್ತಿ, ಸಿಂದಗಿ ಚಿಗವ್ವ, ಮುದ್ದೇಬಿಹಾಳದ ದೊಡ್ಡವ್ವ ಬುತ್ತಿ ಬಿಚ್ಚಿ ಕುಂತಿದ್ರಂತ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮ್ಯಾಲ ಇಂಡಿ ನಿಂಬಿಹಣ್ಣಿನ ಉಪ್ಪಿನಕಾಯಿ. ಜಾತ್ರಿಗೂ ಯಾರೂ ಇಷ್ಟು ಕಟಗೊಂಡು ಬರೂದಿಲ್ಲ.

ಒಳಗ ನರ್ಸಕ್ಕ, "ಇನ್ನೊಂದ ಸಲ ಜೋರ ಕೊಡು ತಂಗಿ, ಮುಗೀತು" ಅಂತ ಹನ್ನೊಂದು ಸಲ ಅಂದ್ರು. ಸುಳ್ಳು ಖರೆ, ಆದ್ರ ಬೆನ್ನು ನೀವಿಕೋತ ಹೇಳಿದ ಸುಳ್ಳು. ಬೈಸಿಕೊಳ್ಳಾಕ ತಯಾರಾಗಿ ಹೋದಾಕಿ ನಾನು, ಬೈಯವರೇ ಸಿಗಲಿಲ್ಲ.

ಹೆಸರು ಮೊದಲೇ ಪಕ್ಕಾ ಆಗಿತ್ತು. ಬಸವಣ್ಣ ಹುಟ್ಟಿದ ಊರಾಗ ಹುಟ್ಟೂ ಕೂಸು, ಬಸವರಾಜನಽ! ಹುಟ್ಟಿದ್ದು ಹೆಣ್ಣು. ಅತ್ತಿ ಅರೆಗಳಿಗಿ ಸುಮ್ಮನಿದ್ದು, "ಬಸವಣ್ಣನ ಅಕ್ಕ ನಾಗಮ್ಮ ಅಲ್ಲೇನು? ಅಕ್ಕ ಮೊದಲ ಬಂದಾಳ ತಗೋ" ಅಂದು ಸಕ್ಕರಿ ಹಂಚಿದ್ರು.

ಇನ್ನ ಊಟದ ಮಾತು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಾಗ ಬಂದ ಮ್ಯಾಲ ಸರಕಾರಿ ದವಾಖಾನಿಯೊಳಗ ಸಹಜ ಹೆರಿಗಿಗೆ 3 ದಿನ, ಸಿಜೇರಿಯನ್‌ಗೆ 7 ದಿನ ಊಟ ಪುಕ್ಕಟೆ. ಆ ಊಟ ಬಾಣಂತಿಗಷ್ಟೇ ಅನ್ನೂದು ಚಿಗವ್ವಗ ಯಾರೂ ಹೇಳಿರಲಿಲ್ಲ!

ಆಮ್ಯಾಲ ನನ್ನ ತಲಿಗೆ ಸ್ಕಾರ್ಫ್ ಬಿಗಿದ್ರು. ಅಂಟಿನುಂಡಿ ಯಾರು ಕಟ್ಟಬೇಕಂತ ಮೂವರಿಗೂ ಜಗಳ ಹತ್ತಿತಂತ. ನನಗ ಕಿವಿಗೆ ಹತ್ತಿ, ಕಣ್ಣಿಗೆ ನಿದ್ದಿ ಹತ್ತಿತ್ತು.